ಸುರಗಿ ನೂಲಿನ ಕರಿ ಎಳೆ

“ಲಗ್ನಾ ಎಲ್ಲಿ ಬೇಕಾದಲ್ಲಿ ಮಾಡೋ ಯಪ್ಪಾ. ಸಮುದ್ರದಾಗ ಹಡಗದ ಮ್ಯಾಲೆ ಮಾಡು, ನಾ ಬ್ಯಾಡ ಅನ್ನೂದಿಲ್ಲ. ಆದರ ಆ ಹಂಚಿನ ಕಾರ್ಖಾನಿ ಒಳಗ ಮಗಳಿಗೆ ಸುರಗಿ ಸುತ್ತಬ್ಯಾಡ.”

ಕಲ್ಲೋಳಿಯ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಭರಮವ್ವ ಇಷ್ಟು ಹೇಳಿದ್ದೇ ತಡ, ಕಾಶಿನಾಥ ಹೊಟ್ಟೆ ಹಿಡಿದುಕೊಂಡು ನಕ್ಕ. ಮಗಳ ಮದುವೆಗೆ ಕರೆಯಲು ಗೋಕಾಕದಿಂದ ಬಂದಿದ್ದ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆ ಅವನು ಹಂದರ ಹಾಕದ ಓಣಿ ಇಲ್ಲ. ಊರವರ ಮದುವೆಗೆಲ್ಲ ಕಂಬ ನೆಟ್ಟು, ಬಟ್ಟೆ ಬಿಗಿದು, ಕುರ್ಚಿ ಹೊತ್ತು ಅವನ ಹೆಗಲು ದಡ್ಡುಗಟ್ಟಿತ್ತು. ಮೊದಲು ಕಲ್ಲೋಳಿಯಲ್ಲೇ ಮನೆ ಮಾಡಿಕೊಂಡಿದ್ದ ಅವನೂ ಹೆಂಡತಿ ಶೋಭಾಳೂ ಆ ಕೆಲಸದ ಬೆನ್ನು ಹತ್ತಿ ಊರೂರು ತಿರುಗುವಾಗ ಒಬ್ಬಳೇ ಮಗಳು ರಾಜೇಶ್ವರಿಯನ್ನು ಎತ್ತಿ ಆಡಿಸಿ, ಉಣಿಸಿ, ಬೆಳೆಸಿದವಳು ಬಾಜೂ ಮನೆಯ ಕುರುಬರ ಈ ಮುದುಕಿ. ರಾಜಿಗೂ ಆಯಿ, ಅವಳಪ್ಪನಿಗೂ ಆಯಿ.

“ಆಯಿ, ನಾ ಸುಡಗಾಡದ ಬಾಜೂ ಹಂದರ ಹಾಕೇನಿ. ಒಂದು ದೆವ್ವನೂ ಬರಲಿಲ್ಲ. ಬಂದಿದ್ರ ಅದಕ್ಕೂ ಕುರ್ಚಿ ಬಾಡಿಗಿ ಹಚ್ಚತಿದ್ದೆ.”

“ನಗು. ನಮ್ಮಪ್ಪನೂ ಹಿಂಗ ನಕ್ಕೋತ ಹೋಗಿ ಅಳತಿ ಕೊಟ್ಟ.”

ಮುದುಕಿ ಯಾರಿಗೂ ಹೇಳದ ಮಾತು ಅಂದು ಹೇಳಿದಳು. ಅವಳು ಚಿಕ್ಕವಳಿದ್ದಾಗ, ಅವಳನ್ನು ಕಲ್ಲೋಳಿಯ ಹಟ್ಟಿಯಲ್ಲೇ ಬಿಟ್ಟು, ಅವರ ಮಂದಿ ಕುರಿ ಹೊಡೆದುಕೊಂಡು ಘಟ್ಟ ಇಳಿದಿದ್ದರು. ಕೆಳಗಿನ ಮಳೆಗೆ ರೋಗ ಬಂದು ಹಿಂಡೆಲ್ಲ ಸತ್ತಿತು. ಅಪ್ಪ, ಅಕ್ಕ ಸೀತವ್ವ, ಅವಳ ಗಂಡ ಕಡಲಂಚಿನ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯಲು ನಿಂತರು. ಸೀತವ್ವನ ಮದುವೆಯಾಗಿ ಇನ್ನೂ ಕೈಯ ಕಂಕಣ ಬಿಚ್ಚಿರಲಿಲ್ಲ. ಆ ಹೊತ್ತಿಗೆ ಅಲ್ಲಿ ಹೊಸ ಚಿಮಣಿ ಏರುತ್ತಿತ್ತು. ಏರಿದಷ್ಟೂ ಬೀಳುತ್ತಿತ್ತು. ಅಂದಿನ ಮಾಲಕ ಒಬ್ಬ ಮಂತ್ರಗಾರನನ್ನು ಕರೆತಂದ. ಕಂಕಣ ಬಿಚ್ಚದ ಹೆಣ್ಣಿನ ಅಳತೆ ಬೇಕು, ಅದನ್ನು ಆಕೆ ನಂಬಿದವರೇ ತೆಗೆಯಬೇಕು ಎಂದ ಅವನು. ಹೊಸ ಕುಬಸ ಹೊಲಿಸುತ್ತೇವೆ ಎಂದು ಸೀತವ್ವನ ಅಪ್ಪನ ಕೈಗೆ ಕರಿ ನೂಲು ಕೊಟ್ಟರು. ಕುಬಸಕ್ಕೆ ಉಂಗುಟದಿಂದ ನೆತ್ತಿಯವರೆಗೆ ಅಳತೆ ಯಾಕೆ ಎಂದು ಅವನು ಕೇಳಲಿಲ್ಲ. ಆ ನೂಲನ್ನು ಇಟ್ಟಂಗಿಗಳ ನಡುವೆ ಇಟ್ಟು ಗಾರೆಯ ಗಿಲಾಯಿ ಬಳಿದರು. ಚಿಮಣಿ ನಿಂತಿತು. ಸೀತವ್ವ ಒಣಗಿದಳು, ಹುಣ್ಣಿಮೆ ದಾಟಲಿಲ್ಲ.

“ಹುಗದಿದ್ದು ಬರೇ ಹೆಣಾ. ಅಕ್ಕ ಗ್ವಾಡ್ಯಾಗ ಅದಾಳ. ಅಲ್ಲೆ ಮದುಮಗಳಿಗೆ ನೂಲು ಸುತ್ತಿದ್ರ ಆ ನೂಲು ಹಿಡಕೊಂಡು ಹೊರಗ ಬರತಾಳ. ಒಬ್ಬಾಕಿ ಹೊರಗ ಬಂದ್ರ ಒಬ್ಬಾಕಿ ಒಳಗ ಹೋಗಬೇಕಲ್ಲೋ ಕಾಶೀ.”

ಕಾಶಿನಾಥ ಎದೆಯ ಮೇಲಿನ ಲಿಂಗ ಮುಟ್ಟಿ ತೋರಿಸಿದ. “ಇದನ್ನ ಕಟಗೊಂಡವಗ ಯಾತರ ಮಾಟ, ಯಾತರ ಮಂತ್ರ? ಅಂಜಬ್ಯಾಡ. ನಿಮ್ಮಕ್ಕ ಬಂದ್ರ ಅಕಿಗೂ ಒಂದು ಎಲಿ ಹಾಕಸ್ತೇನಿ. ಹುಗ್ಗಿ ಉಂಡು ಹೋಗ್ಲಿ!”

ಭರಮವ್ವ ಅವನ ಮುಖವನ್ನೇ ನೋಡಿದಳು.  ಮದುವೆಗೆ ಬರಲಿಲ್ಲ.

ಆ ಜಾಗ ಹುಡುಕಿದವಳು ರಾಜಿಯೇ. ಹಂಚು ಸುಡುವ ಭಟ್ಟಿ ಆರಿ ಎಷ್ಟೋ ವರ್ಷ ಹಾಳುಬಿದ್ದಿದ್ದ ಕಾರ್ಖಾನೆಯನ್ನು ಹೊಸ ಮಾಲಕರು ಕೊಂಡು ಮದುವೆಯ ಜಾಗ ಮಾಡಿದ್ದರು. ಕೆಂಪು ಇಟ್ಟಂಗಿಯ ಗೋಡೆ, ಅದರಾಚೆ ಮರಳು, ಮರಳಿನಾಚೆ ಕಡಲು. ಫೋನಿನಲ್ಲಿ ಅದನ್ನು ತೋರಿಸುತ್ತ ಮಗಳು ಹೇಳಿದ್ದಳು: “ಅಪ್ಪಾ, ಹುಟ್ಟಿದಾಗಿಂದ ನೋಡಾಕತ್ತೇನಿ, ಎಲ್ಲಾರ ಲಗ್ನದಾಗೂ ನೀ ಕಂಬಾ ಹೊರತೀ. ನನ್ನ ಲಗ್ನದಾಗರೆ ಕುರ್ಚಿ ಮ್ಯಾಲೆ ಕುಂದರು.” ಆ ಒಂದು ಮಾತಿಗೆ ಅವನು ಕರಗಿ ನೀರಾಗಿದ್ದ.

ಆದರೆ ದುಡಿದ ಮೈ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತೀತು? ಮದುವೆಯ ಹಿಂದಿನ ದಿನ, ಕಡಲ ಕಡೆಯ ಅಂಗಳದಲ್ಲಿ ಶೋಭಾ ಸುರಗಿಗೆ ಅಣಿ ಮಾಡಿದಳು. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಬಿಳಿ ನೂಲು ಸುತ್ತಿ, ಒಳಗೆ ಮದುಮಗಳನ್ನು ಕೂರಿಸಿ ನೀರೆರೆಯಬೇಕು. ಆಮೇಲೆ ಅದೇ ನೂಲು ತೆಗೆದು ಅರಿಷಿಣ ಹಚ್ಚಿ, ಅರಿಷಿಣದ ಕೊಂಬು ಸೇರಿಸಿ ಕೈಗೆ ಕಂಕಣ ಕಟ್ಟಬೇಕು. ಆದರೆ ಕಡಲ ಗಾಳಿ ನೂಲು ನಿಲ್ಲಗೊಡಲಿಲ್ಲ. ಸುತ್ತಿದಂತೆಲ್ಲ ಪಟ್ಟನೆ ಹರಿಯಿತು. ತಂಬಿಗೆ ಉರುಳಿದವು. ಅಪಶಕುನವೆಂದು ಹೆಂಗಸರ ಮುಖ ಬಾಡಿತು.

ಕಾಶಿನಾಥ ಎದ್ದ. ಗಾಳಿ ಬಂದರೆ ಹಂದರದವನ ಕಣ್ಣು ಮೊದಲು ಹುಡುಕುವುದು ಮರೆ. ಬಾಗಿಲು ಬಿಟ್ಟರೆ ಒಂದು ಕಿಟಕಿಯೂ ಇಲ್ಲದ ಭಟ್ಟಿಯ ಕೋಣೆ ಅವನ ಕಣ್ಣಿಗೆ ಬಿತ್ತು. ಭರಮವ್ವನ ಮಾತು ನೆನಪಾಗದೆ ಇರಲಿಲ್ಲ. ನೆನಪಾಯಿತು, ನಗೆ ಬಂತು. “ಎಲ್ಲಾ ಎತ್ತಕೊಂಡು ಒಳಗ ನಡೀರಿ” ಎಂದ.

ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಕಾಲಿಟ್ಟರೆ ಕತ್ತಲು. ಗೋಡೆಗೆ ದೀಪದ ಸರ ಬಿಟ್ಟಿದ್ದರೂ ಬೆಳಕು ಆ ಇಟ್ಟಂಗಿಗೆ ಅಂಟುತ್ತಿರಲಿಲ್ಲ. ಹಳೆಯ ಮಸಿಯ ವಾಸನೆ, ಅದರ ಅಡಿಗೆ ಹಸಿ ಮಣ್ಣಿನ ವಾಸನೆ, ಅದಕ್ಕೂ ಅಡಿಗೆ ಎಣ್ಣೆ ಕಾಣದ ಹೆಣ್ಣುಕೂದಲ ವಾಸನೆ. ಕೋಣೆಯ ಕೊನೆಗೆ, ಚಿಮಣಿ ಏರುವಲ್ಲಿ, ಗೋಡೆ ಬಾಯಿ ತೆರೆದಿತ್ತು. ಅಲ್ಲಿಂದ ಗಾಳಿ ಬರುತ್ತಿರಲಿಲ್ಲ. ಒಳಕ್ಕೆ ಹೋಗುತ್ತಿತ್ತು, ಯಾರೋ ಉಸಿರೆಳೆದುಕೊಳ್ಳುವಂತೆ.

ನೂಲು ಒಂದು ಸಲವೂ ಹರಿಯಲಿಲ್ಲ. ಹೆಂಗಸರು ಹಾಡು ಎತ್ತಿದರು. ನಡುವೆಯೇ ಹಾಡು ತನ್ನಷ್ಟಕ್ಕೆ ನಿಂತಿತು. ರಾಜಿಯ ನೆತ್ತಿಯಿಂದ ಇಳಿದ ನೀರು ಬಾಗಿಲ ಕಡೆಯ ಇಳಿಜಾರು ಬಿಟ್ಟು ಗೋಡೆಯ ಕಡೆ ಏರಿ ಹರಿದು, ಇಟ್ಟಂಗಿಯ ಬುಡದಲ್ಲಿ ಇಂಗಿತು.

“ಅಪ್ಪಾ, ನನ್ನ ಹಿಂದ ಯಾರ ನಿಂತಾರ?”

“ನಿಮ್ಮವ್ವ ಇರಬೇಕ ನೋಡವಾ.”

ಶೋಭಾ ಮಗಳ ಮುಂದೆ ನಿಂತು ನೀರೆರೆಯುತ್ತಿದ್ದಳು.

ದೀಪದ ಸರ ಒಮ್ಮೆ ಆರಿ ಹೊತ್ತಿತು. ಅಷ್ಟೇ. ಕಾಶಿನಾಥ ಅವಸರ ಅವಸರವಾಗಿ ನೂಲು ಬಿಚ್ಚಿ ಎಳೆ ಕೂಡಿಸಿದ. ಬಿಳಿ ಎಳೆಗಳ ನಡುವೆ ಒಂದು ಕರಿ ಎಳೆ ಇತ್ತು. ಮಸಿ ಹತ್ತಿರಬೇಕು ಎಂದುಕೊಂಡ. ಅರಿಷಿಣ ಬಳಿದ. ಬಣ್ಣ ಏರಲಿಲ್ಲ. ಹಾಗೇ ಹೊಸೆದು ಮಗಳ ಕೈಗೆ ಕಟ್ಟಿಬಿಟ್ಟ.

ಮರುದಿನ ಅಕ್ಕಿಕಾಳು ಬಿದ್ದವು. ಹುಕ್ಕೇರಿಯ ಮಲ್ಲೇಶ ತಾಳಿ ಕಟ್ಟಿದ. ಮದುಮಗಳು ತಲೆ ಎತ್ತಲೇ ಇಲ್ಲ. “ಈಗಿನ ಕಾಲದಾಗ ಎಂಥಾ ನಾಚಿಗಿ ಹುಡುಗೀರಿ!” ಎಂದು ಬೀಗರ ಕಡೆಯವರು ಹೊಗಳಿದರು. ಬಯಸಿ ಬಯಸಿ ಬಂದ ಕಡಲಿನ ಕಡೆ ರಾಜಿ ಒಂದು ಸಲವೂ ತಿರುಗಲಿಲ್ಲ ಎಂಬುದನ್ನು ನೋಡಿದವಳು ಶೋಭಾ ಒಬ್ಬಳೇ.

ವಾರ ಕಳೆಯುವುದರೊಳಗೆ ಹುಕ್ಕೇರಿಯಿಂದ ಮಲ್ಲೇಶನ ಫೋನು ಬಂತು.  “ಮಾವಾರ, ರಾಜಿ ಯಾಕೋ ರಾಜಿಯಂಗ ಇಲ್ರಿ. ನನ್ನ ಕಂಡ್ರ ಪರಗಂಡಸನ್ನ ಕಂಡಂಗ ಸೆರಗ ಹೊಚ್ಚಕೋತಾಳ. ನನ್ನ ಗಂಡ ಎಲ್ಲಿ ಅಂತ ನನ್ನ ಕೇಳತಾಳ್ರಿ.”

ಕರೆದುಕೊಂಡು ಬಂದರು. ಗೋಕಾಕದ ಮನೆಯಲ್ಲಿ ಅವಳು ಕುರ್ಚಿ ಬಿಟ್ಟು ನೆಲದ ಮೇಲೆ ಕೂತಳು. ಫೋನು ಬಡಿದರೆ ಬೆಚ್ಚಿ ಮೂಲೆ ಸೇರಿದಳು. ಹಿತ್ತಲಲ್ಲಿ ಹಸಿ ಮಣ್ಣು ಕಂಡರೆ ಸಾಕು, ಸೀರೆ ಎತ್ತಿಕಟ್ಟಿ ಹಿಮ್ಮಡಿಯಿಂದ ತುಳಿಯುತ್ತಿದ್ದಳು. ನಿಲ್ಲಿಸು ಎಂದವರ ಮುಖ ನೋಡಿ, ಬೈಸಿಕೊಂಡ ಆಳಿನಂತೆ ಇನ್ನೂ ಜೋರಾಗಿ ತುಳಿಯುತ್ತಿದ್ದಳು. ಯಾರಿಗೂ ಕೆಟ್ಟ ಮಾತಾಡಲಿಲ್ಲ. ಕಾಶಿನಾಥ ಕೆಲಸದಿಂದ ಬಂದರೆ ಓಡಿಬಂದು ಕಾಲಿಗೆ ನೀರು ಕೊಟ್ಟಳು. ಅವನು ಉಂಡಾದ ಮೇಲೆಯೇ ಉಂಡಳು. “ಅಪ್ಪಾ” ಎನ್ನುತ್ತಿದ್ದಳು, “ಅಲ್ಲೆ ನನ್ನ ಒಬ್ಬಾಕಿನ್ನ ಬಿಟ್ಟು ಎಲ್ಲಿ ಹೋಗಿದ್ದಿ ಇಷ್ಟ ದಿನಾ?”

ಶೋಭಾ ಮಗಳ ತಲೆ ಬಾಚಲು ಕೂತವಳು ಬಾಚಣಿಕೆ ಕೆಳಗಿಟ್ಟು ಎದ್ದು ಬಂದಳು. ಅತ್ತು ಅತ್ತು ಅವಳ ದನಿ ಹೋಗಿತ್ತು. “ಹಡದಾಕಿ ನಾ. ಅಕಿ ನೆತ್ತಿ ವಾಸನಿ ನನಗ ಗೊತ್ತಿಲ್ಲೇನು? ಇಕಿ ಯಾರದೋ ಮಗಳದಾಳ್ರಿ. ನನ್ನ ಮಗಳು ಎಲ್ಲಿ?”

ಕಾಶಿನಾಥನಿಗೆ ಅಂದು ನಗೆ ಬರಲಿಲ್ಲ.

ಕಲ್ಲೋಳಿಗೆ ಕರೆತಂದಾಗ, ಗಾಡಿ ನಿಲ್ಲುವ ಮೊದಲೇ ಅವಳು ಇಳಿದು ಓಡಿದಳು. ಹೊಸದಾಗಿ ಕಟ್ಟಿದ ಸಿಮೆಂಟಿನ ಅಂಗಡಿಗಳ ಮುಂದೆ ನಿಂತು ಅತ್ತಿತ್ತ ನೋಡಿದಳು. “ಇಲ್ಲೇ ಇತ್ತಲ್ಲ ಹಟ್ಟಿ, ಇಲ್ಲೇ ಇತ್ತಲ್ಲ” ಎಂದು ನೆಲ ಮುಟ್ಟಿ ಮುಟ್ಟಿ ನೋಡಿದಳು. ಅಂಗಡಿಯವರು ನೋಡಿ ನಕ್ಕರು. ಆಮೇಲೆ ಕಟ್ಟೆಯ ಮೇಲೆ ಕೂತ ಮುದುಕಿ ಅವಳ ಕಣ್ಣಿಗೆ ಬಿದ್ದಳು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು.

“ಆಯಿ, ನನ್ನ ತಂಗಿ ಭರಮಿ ಅಂತ ಇಲ್ಲೆ ಇದ್ಲು. ಇಷ್ಟೇ ಇದ್ಲು.” ತನ್ನ ಸೊಂಟದ ಎತ್ತರಕ್ಕೆ ಕೈ ಹಿಡಿದು ತೋರಿಸಿದಳು. “ಮುಂದಿನ ಹಲ್ಲು ಬಿದ್ದಾವ ಅಕಿಗೆ. ನೋಡೀಯೇನು?”

ಭರಮವ್ವನ ಕೈಯಲ್ಲಿದ್ದ ಕೋಲು ಜಾರಿ ಬಿತ್ತು. 

“ನೋಡೇನವ್ವಾ. ಚಲೋ ಅದಾಳ.”

“ನನ್ನ ನೆನಸತಾಳೇನು?”

“ದಿನಾ ನೆನಸತಾಳ ನನ್ನವ್ವಾ. ದಿನಾ.”

ಅವಳನ್ನು ಒಳಗೆ ಕೂರಿಸಿ ಭರಮವ್ವ ಹಿತ್ತಲಿಗೆ ಬಂದಳು. ಕಾಶಿನಾಥ ಮುದುಕಿಯ ಕಾಲ ಮೇಲೆ ಬಿದ್ದ. ಊರಿಗೆಲ್ಲ ಕಂಬ ನೆಟ್ಟ ಗಟ್ಟಿ ಆಳು ಕೂಸಿನಂತೆ ಅತ್ತ. “ನನ್ನ ಹುಡುಗಿ ಆ ಗ್ವಾಡ್ಯಾಗ ಐತಿ ಆಯಿ. ನೀನ ಎತ್ತಿ ಬೆಳೆಸಿದ ಕೂಸು. ಏನರೆ ಹಾದಿ ಹೇಳು.”

“ಹಾದಿ ಹೇಳು ಅಂತೀ.” ಭರಮವ್ವ ಬಾಗಿಲ ಕಡೆ ನೋಡಿದಳು. “ಅರವತ್ತು ವರ್ಷದ ಮ್ಯಾಲೆ ನಮ್ಮಕ್ಕ ಮನಿಗೆ ಬಂದಾಳ. ಒಳಗ ಕುಂತು ನೀರ ಕುಡಿಯಾಕತ್ತಾಳ. ನಾ ಯಾವ ಬಾಯಿಂದ ಹೇಳಲಿ?”

ಅವನು ಕಾಲು ಬಿಡಲಿಲ್ಲ. ಬಿಸಿಲು ಸರಿಯಿತು. ಕೊನೆಗೆ ಮುದುಕಿ ಹೇಳಿದಳು, ಎತ್ತಲೋ ನೋಡುತ್ತ. ಅಕ್ಕನನ್ನು ಅಂದು ಹೇಗೆ ಹಾಕಿದರೋ ಹಾಗೇ ಹಾಕಬೇಕು. ಕೈಯಲ್ಲಿ ಇನ್ನೂ ಬಿಚ್ಚದ ಕಂಕಣದ ಆ ಕರಿ ಎಳೆಯಿಂದಲೇ ಅಳೆಯಬೇಕು. ಆಕೆ ಅಪ್ಪಾ ಎಂದು ಕರೆಯುವವನೇ ಅಳೆಯಬೇಕು. ಚಿಮಣಿಯ ಬುಡದ ಸಂದಿಗೆ ಎಳೆ ತುರುಕಬೇಕು. “ಅಂಜಿಸಿ ಒಯ್ದರ ಆಗೂದಿಲ್ಲ. ನಂಬಿಸಿ ಒಯ್ಯಬೇಕು. ನಿನ್ನ ಗಂಡ ಅಲ್ಲೆ ಕಾಯಾಕತ್ತಾನ ಅನ್ನು. ಬರತಾಳ.”

ಎದ್ದು ಹೊರಟವನ ಅಂಗಿ ಹಿಡಿದಳು. “ತಡಿ. ಒಂದು ರೊಟ್ಟಿ ಬಡದು ಹಾಕತೇನಿ. ಉಂಡು ಹೋಗ್ಲಿ.”

ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಟ್ಟಳು. ಅವಳು ಉಣ್ಣುವುದನ್ನು ಎದುರಿಗೆ ಕೂತು ನೋಡಿದಳು. ತಲೆಗೆ ಎಣ್ಣೆ ಒತ್ತಿ ಹೆರಳು ಹಾಕಿದಳು. ಹಾಕಿದ್ದನ್ನು ಬಿಚ್ಚಿ ಮತ್ತೆ ಹಾಕಿದಳು. ಗಂಡ ಕಾಯುತ್ತಿದ್ದಾನೆಂದು ಕೇಳಿ ಅವಳ ಮುಖವೆಲ್ಲ ಅರಳಿತ್ತು. ಗಾಡಿ ಹತ್ತುವಾಗ ಹೇಳಿದಳು, “ಆಯಿ, ಭರಮಿ ಬಂದ್ರ ಹೇಳು, ಅಕ್ಕ ಬರೂ ಮುಂದ ನಿನಗ ಬಳಿ ತರತಾಳಂತ.”

ಭರಮವ್ವ ತಲೆಯಾಡಿಸಿದಳು. ನಾ ಭರಮಿ ಎನ್ನಲಿಲ್ಲ. ಅಂದಿದ್ದರೆ ಕಳಿಸಲು ಆಗುತ್ತಿರಲಿಲ್ಲ.

ದಾರಿಯುದ್ದಕ್ಕೂ ಅವಳು ಮಾತಾಡಿದಳು. ಗಂಡನ ಕೊಳಲಿನ ಸುದ್ದಿ, ಕುಂಟ ಟಗರಿನ ಸುದ್ದಿ, ತಂಗಿ ಕದ್ದು ಹಾಲು ಕುಡಿದ ಸುದ್ದಿ. ಬಾಯಿ ತನ್ನ ಮಗಳದು. ನಗುವಾಗ ಕೆನ್ನೆಯಲ್ಲಿ ಬೀಳುವ ಗುಳಿ ತನ್ನ ಮಗಳದು. ಕಾಶಿನಾಥ ಹೂಂ ಹೂಂ ಎನ್ನುತ್ತ ಗಾಡಿ ಹೊಡೆದ. ಘಟ್ಟ ಇಳಿಯುವಾಗ ಅವಳು ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ತಿರುವಿನಲ್ಲಿ ಆ ತಲೆ ಜಾರದಂತೆ ಅವನು ಒಂದು ಕೈ ಅಡ್ಡ ಹಿಡಿದ. ಹಿಡಿದ ಮೇಲೆ ತನ್ನ ಕೈಯನ್ನು ತಾನೇ ನೋಡಿಕೊಂಡ.

ಕಾರ್ಖಾನೆಯಲ್ಲಿ ಅಂದು ಮದುವೆ ಇರಲಿಲ್ಲ. ಹಿಂದಿನ ಮದುವೆಯ ಚೆಂಡುಹೂವು ಕೊಳೆತು ನಾರುತ್ತಿದ್ದವು. ಕಾವಲಿನವನು ಊಟಕ್ಕೆ ಹೋಗಿದ್ದ. ಕಡಲು ಒಂದೇ ಸಮನೆ ಮೊರೆಯುತ್ತಿತ್ತು. ಭಟ್ಟಿಯ ಬಾಗಿಲು ದಾಟಿದ್ದೇ ಆ ಮೊರೆತವೂ ನಿಂತಿತು.

ಕತ್ತಲು. ಮಸಿ. ಹಸಿ ಮಣ್ಣು.

ಅವಳು ಸುತ್ತ ನೋಡಿದಳು. “ಅಪ್ಪಾ, ಇಲ್ಲೆ ಯಾರೂ ಇಲ್ಲಲ್ಲ.”

ಗೋಡೆ ಉಸಿರೆಳೆಯಿತು. ಇಟ್ಟಂಗಿಯೊಳಗಿಂದ ದನಿ ಬಂತು. ತೀರ ಸಣ್ಣದು. ಕೆಳಗೆ ಬಾವಿಯಲ್ಲಿ ಬಿದ್ದವರು ಕೂಗಿದಂತೆ.

“ಅಪ್ಪಾ… ಇಕ್ಕಟ್ಟಪ್ಪಾ… ಕೈ ಎತ್ತಾಕ ಬರವಲ್ದು…”

ರಾಜಿ. ಅವನ ರಾಜಿ.  ಕಾಶಿನಾಥ ಎದುರು ನಿಂತವಳ ಕೈ ಹಿಡಿದೆಳೆದ. ಕಂಕಣ ಬಿಚ್ಚಿದ. ಗಂಟು ಬಿಗಿದಿತ್ತು. ಹಲ್ಲಿನಿಂದ ಕಚ್ಚಿದ. ಅರಿಷಿಣದ ಕೊಂಬು ಉರುಳಿಹೋಯಿತು. ಬಿಳಿ ಎಳೆ ಎಲ್ಲ ಉದುರಿದವು. ಕರಿಯದು ಒಂದು ಉಳಿಯಿತು. ಎಳೆದಷ್ಟೂ ಉದ್ದವಾಯಿತು. ತಣ್ಣಗಿತ್ತು. ಮಿಡಿಯುತ್ತಿತ್ತು.

ಅವಳು ಅದನ್ನು ನೋಡಿದಳು. ನೂಲು ನೋಡಿದಳು. ಅವನ ಮುಖ ನೋಡಿದಳು.

ಓಡುತ್ತಾಳೆ ಎಂದುಕೊಂಡ. ಚೀರುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡ. ಹಾಗೆ ಮಾಡಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

“ಮತ್ತ ಕುಬಸಕ್ಕೇನು ಅಪ್ಪಾ?” ಎಂದಳು.

“ಹೂಂನವಾ.”

 ಗೋಡೆಯೊಳಗೆ ರಾಜಿ ಮತ್ತೆ ಕೂಗಿದಳು. ಅದು ಅವಳಿಗೂ ಕೇಳಿಸಿತು. ಆ ದನಿಯ ಕಡೆ ತಿರುಗಿ, ತಲೆ ವಾಲಿಸಿ, ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಕಣ್ಣು ಒರೆಸಿಕೊಂಡಳು.

“ನೆಟ್ಟಗ ನಿಂದರಲೇನು?”

 ಅವಳೇ ಗೋಡೆಗೆ ಬೆನ್ನು ಕೊಟ್ಟು, ಎರಡೂ ಹಿಮ್ಮಡಿ ಕೂಡಿಸಿ, ಗಲ್ಲ ಎತ್ತಿ ನೆಟ್ಟಗೆ ನಿಂತಳು. ಅಳತೆ ತಪ್ಪಬಾರದೆಂದು ಉಸಿರು ಹಿಡಿದಳು. ಅವನು ಬಗ್ಗಿದ. ಉಂಗುಟಕ್ಕೆ ನೂಲು ಹಚ್ಚಿದ. ಮೊಣಕಾಲು. ಸೊಂಟ. ಎದೆ. ಕೊರಳಿನಲ್ಲಿ ನರ ಹೊಡೆದುಕೊಳ್ಳುತ್ತಿತ್ತು. ನೆತ್ತಿ. ಭರಮವ್ವ ಒತ್ತಿದ ಎಣ್ಣೆ ಬೆರಳಿಗೆ ಹತ್ತಿತು. ನೂಲು ಹರಿದ. ಸಂದಿ ಹುಡುಕಿದ. ತುರುಕಿದ. ಒಳಗಿಂದ ಯಾರೋ ಎಳೆದುಕೊಂಡರು. ಗೋಡೆ ನಡುಗಿತು. ಮಸಿ ಮಳೆಯಂತೆ ಸುರಿಯಿತು. ಒಂದು ಉಸಿರು. ಬಿಸಿ ಉಸಿರು. ಆಮೇಲೆ ಏನೂ ಇಲ್ಲ.

ಕಾಲ ಬಳಿ ಬಿದ್ದವಳು ಕಣ್ಣು ಬಿಟ್ಟು, “ಅಪ್ಪಾ, ನೀರ ಕೊಡು” ಎಂದಳು.

ದನಿ ರಾಜಿಯದು. ನೆತ್ತಿ ಮೂಸಿದ. ರಾಜಿಯೇ. ಎತ್ತಿಕೊಂಡು ಬೆಳಕಿಗೆ ಓಡಿದ. ಹಿಂದಿರುಗಿ ನೋಡಲಿಲ್ಲ. ಹಿಂದೆ ಯಾರೂ ಕರೆಯಲೂ ಇಲ್ಲ.

ಘಟ್ಟ ಏರುವವರೆಗೆ ರಾಜಿ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದಳು. ಮುಖಕ್ಕೆ ನಿಧಾನ ಬಣ್ಣ ಬಂತು. ಶೋಭಾಳಿಗೆ ಫೋನು ಮಾಡಿ ಅತ್ತಳು, ನಕ್ಕಳು, ಮಲ್ಲೇಶನ ಸುದ್ದಿ ಕೇಳಿದಳು. ದಾರಿಯಲ್ಲಿ ಕಲ್ಲೋಳಿಗೆ ಹೋಗಿ ಆಯಿಯನ್ನು ನೋಡಿಯೇ ಮನೆಗೆ ಹೋಗೋಣ ಎಂದಳು. ಕಾಶಿನಾಥ ಹೂಂ ಎಂದ. ಆ ಕಟ್ಟೆಯ ಮುಂದೆ ಯಾವ ಮುಖ ಹೊತ್ತು ಇಳಿಯಬೇಕೋ ಅವನಿಗೆ ತಿಳಿಯಲಿಲ್ಲ.

“ಅಪ್ಪಾ,” ಎಂದಳು ರಾಜಿ. “ನಾ ಹೊರಗ ಬರೂ ಮುಂದ ಒಬ್ಬಾಕಿ ಒಳಗ ಬಂದ್ಲು. ಕತ್ತಲದಾಗ ಮಾರಿ ಕಾಣಲಿಲ್ಲ. ನನ್ನ ಕೈ ಹಿಡದು, ತನ್ನ ಬಾಜೂ ಜಾಗಾ ಮಾಡಿ, ಮುಂದಕ್ಕ ದಬ್ಬಿದ್ಲು. ನಾ ಅಂಜಿಕೊಂಡು ನಿಂತಿದ್ದೆ. ಹೊರಗ ಯಾರ ಅದಾರ ಅಂತ ಕೇಳಿದೆ.”

ಕಾಶಿನಾಥ ಮುಂದಿನ ರಸ್ತೆ ಬಿಟ್ಟು ಎಲ್ಲಿಯೂ ನೋಡಲಿಲ್ಲ.

“ಅಂಜಬ್ಯಾಡ ತಂಗೀ, ಹೋಗು ಅಂದ್ಲು. ಹೊರಗ ನಮ್ಮಪ್ಪ ಅದಾನ. ಭಾಳ ಚಲೋ ಮನಶ್ಯಾ ಅಂದ್ಲು.”